ಮೂರನೇ ಮಹಡಿಯ ಹಿಂದಿನ ಬಾಗಿಲು

ಮಾರ್ಚ್ 3, ಸೋಮವಾರ

ಮತ್ತೆ ಕಟ್ಟುಗಟ್ಟಲೆ ವರದಿ. ಇನ್‌ಸ್ಪೆಕ್ಟರ್‌ಗಳು ಅಂಗಡಿ, ಆಫೀಸು ಕಟ್ಟಡ ಸುತ್ತಿ ಬೆಂಕಿ ಸುರಕ್ಷತೆ ನೋಡಿ ಗೀಚಿ ಕಳಿಸ್ತಾರೆ. ಕಂಟ್ರಾಕ್ಟ್ ಹಿಡಿದ ನಾವು ಕಂಪ್ಯೂಟರಿಗೆ ಹಾಕ್ತೀವಿ. ವರದಿ ಫಾರಮ್ಮಿನ ಚೌಕ ಖಾಲಿ ಇದ್ದರೆ ಕಳೆದ ಸಲದ್ದೇ ಉತ್ತರ — ಒಂದೇ ಕೀ ಒತ್ತಿದರೆ ಸಾಕು. ನನ್ನ ಬೆರಳು ಅಲ್ಲೇ ಬೀಡುಬಿಟ್ಟಿದೆ. ಬಾಸ್ ನನ್ನ ಕರೆಯೋದೇ ರಾಕೆಟ್ ಅಂತ.

ಇವತ್ತು ತಂಗಿ ಹೊಲಿಗೆ ಕೆಲಸ ಮಾಡೋ ಕಟ್ಟಡ ಬಂತು. ಯಾಕೋ ಖುಷಿ ಆಯ್ತು. ಮೂರನೇ ಮಹಡಿ, ಹಿಂದಿನ ಬಾಗಿಲು — ಖಾಲಿ. ಒತ್ತಿದೆ. 'ತೆರೆದಿದೆ.' ಮುಂದಿನದು.

ಮಾರ್ಚ್ 8

ತಂಗಿ ಕನ್ನಡಕ ನಮ್ಮನೇಲೇ ಮರೆತಿದ್ದಳು. ಕೊಡೋಕೆ ಅವಳ ಕೆಲಸದ ಜಾಗಕ್ಕೇ ಹೋದೆ. ವಾಪಸ್ ಹಿಂದಿನ ಬಾಗಿಲಿಂದ ಇಳೀತೀನಿ ಅಂದರೆ ನಕ್ಕಳು.

"ಅದಾ? ನಾನು ಸೇರಿದಾಗಿಂದ ಬೀಗ. ಬಟ್ಟೆ ಕದ್ದು ಸಾಗಿಸ್ತೀವಂತೆ, ಓನರಿಗೆ ಅನುಮಾನ."

ಬಾಗಿಲಿಗೆ ಅಡ್ಡ ಬಟ್ಟೆ ಬೇಲು, ದೊಡ್ಡ ದೊಡ್ಡ ಗಂಟು. ಇವಳ ಮೆಷಿನ್ ಅದರ ಪಕ್ಕದಲ್ಲೇ. ಅಯ್ಯೋ ಕರ್ಮವೇ! ಮುಂದಿನ ಮೆಟ್ಟಿಲಿಂದಲೇ ಇಳಿದು ಬಂದೆ.

ಮಾರ್ಚ್ 10, ಬೆಳಿಗ್ಗೆ

ಇನ್‌ಸ್ಪೆಕ್ಟರಿಗೆ ಫೋನ್. ಖಾಲಿ ಯಾಕೆ ಬಿಟ್ರಿ ಸಾರ್?

"ಹೆಂಗಸರು ಕೆಲಸ ಮಾಡ್ತಿದ್ದಾರೆ ಅಂತ ಆ ಹಾಲಿಗೆ ಬಿಡಲೇ ಇಲ್ಲ. ನೋಡದ್ದನ್ನ ನಾನು ಬರೆಯಲ್ಲಮ್ಮ. ಯಾವಾಗಲೂ ಖಾಲಿ ಬಿಡ್ತೀನಿ."

ಅವರು ನೋಡಿಲ್ಲ ಅಂತ ಬಿಡ್ತಾರೆ. ನಾವು ಮೊದಲಿನ ಹಾಗೇ ಇದೆ ಅಂತ ತುಂಬ್ತೀವಿ! ಮೈಯೆಲ್ಲ ಉರೀತು. ಬಾಸ್‌ಗೆ ಹೇಳಿದರೆ, "ರಾಕೆಟ್, ನಾವು ನೋಡೋರಲ್ಲ, ತುಂಬೋರು."

ಅದೇ ದಿನ, ಸಂಜೆ

'ಬೀಗ ಹಾಕಿದೆ' ಅಂತ ಬದಲಾಯಿಸಿದರೆ ಓನರಿಗೆ ನೋಟಿಸು ಹೋಗತ್ತೆ. ತಂಗಿಗೆ ಫೋನ್ ಮಾಡಿ ಹೇಳಿದೆ. ಹರಿಹಾಯ್ದಳು.

"ಯಾರು ಚಾಡಿ ಹೇಳಿದ್ದು ಅಂತ ಗೊತ್ತಾಗಲ್ವಾ? ಮೊದಲು ಕೆಲಸ ಹೋಗೋದು ನಂದೇ. ದಮ್ಮಯ್ಯ ಅಕ್ಕ, ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ಬೆಂಕಿ ಬಿದ್ದರೆ?"

"ಇಷ್ಟು ದಿನ ಬಿದ್ದಿದ್ಯಾ?"

ಫೋನ್ ಕುಕ್ಕಿದಳು.

ಮಾರ್ಚ್ 19

ಕೂತಲ್ಲಿ ಕೂರಕ್ಕಾಗ್ತಿಲ್ಲ. ಹಾಲು ಉಕ್ಕಿ ಸೀದ ವಾಸನೆ ಬಂದರೂ ಅವಳಿಗೆ ಫೋನ್. ಎತ್ತಲ್ಲ. ಎತ್ತದಿದ್ದರೆ ಜೀವ ಬಾಯಿಗೆ ಬರತ್ತೆ. ಸಾಕು. ನನ್ನ ಬೈಕೊಂಡಾದರೂ ಬದುಕಿರಲಿ.

ಬದಲಾಯಿಸಿದೆ. ಸೇವ್.

ಮಾರ್ಚ್ 27, ಮಧ್ಯಾಹ್ನ

ತಂಗಿ ಫೋನ್. ತಾನಾಗೇ. ಪಿಸುದನಿ.

"ನೋಟಿಸು ಬಂತು ಅಂತ ಬೀಗ ಒಡೆದರು ಅಕ್ಕ. ಬೇಲು ಸರಿಸಿ ಬಾಗಿಲು ತೆಗೆದರೆ... ಗೋಡೆ. ಇಟ್ಟಿಗೆ ಗೋಡೆ. ಮೆಟ್ಟಿಲೇ ಇಲ್ಲ. ಪಕ್ಕದ ಗೋಡೌನಿನವರು ಯಾವಾಗಲೋ ಆ ಜಾಗ ನುಂಗಿ ಗೋಡೆ ಕಟ್ಟಿದ್ದಾರೆ."

ನಾನು ಎದ್ದು ನಿಂತೆ. "ನೀನೀಗ ಎಲ್ಲಿದ್ದೀಯೆ?"

"ಎಲ್ಲಿರ್ತೀನಿ? ಮೆಷಿನ್ ಮುಂದೆ. ಆರ್ಡರ್ ಮುಗಿಯೋ ತನಕ ಏಳಬೇಡಿ ಅಂದಿದ್ದಾರೆ... ಅಕ್ಕ, ನಂಗೆ ಭಯ ಆಗ್ತಿದೆ."

ಬಾಸ್ ಹತ್ತಿರ ಓಡಿದೆ. ಅಷ್ಟರಲ್ಲಿ ಓನರಿನ ಉತ್ತರವೂ ಬಂದಿತ್ತು — ಬೀಗ ತೆಗೆದಿದ್ದೇವೆ. ನಮ್ಮ ಚೌಕಕ್ಕೆ ಎರಡೇ ಉತ್ತರ. ತೆರೆದಿದೆ, ಬೀಗ ಹಾಕಿದೆ. ಗೋಡೆಗೆ ಜಾಗ ಇಲ್ಲ.

ಬಾಸ್ ಕತ್ತು ಕೆರೆದುಕೊಂಡರು. "ಬಾಗಿಲು ತೆರೆದಿದೆಯೋ ಇಲ್ವೋ? ತೆರೆದಿದೆ ತಾನೇ? ಒತ್ತು."

ಬೆರಳು ಏಳಲಿಲ್ಲ. ಬ್ಯಾಗ್ ತಗೊಂಡು ಎದ್ದುಬಂದೆ.

ಬಸ್ಸಿಗೆ ಕಾಯ್ತಾ ಬರೀತಿದ್ದೀನಿ. ರಟ್ಟೆ ಹಿಡಿದು ಎಳ್ಕೊಂಡು ಬರ್ತೀನಿ ಅವಳನ್ನ. ಕೆಲಸ ಹೋದರೆ ಹೋಗಲಿ, ಇಬ್ಬರದೂ. ಬಸ್ಸು ಬಂತು. ಉಳಿದದ್ದು ಅವಳು ಕೆಳಗಿಳಿದ ಮೇಲೆ ಬರೀತೀನಿ.