ಮಿಲ್ಲಿನ ಹಿಂದಿನ ಬಾಗಿಲು

ಅಲಖನೂರ

ಪ್ರತಾಪ ಸಾಹುಕಾರರಿಗೆ,

ನಿಮ್ಮ ಆಮಂತ್ರಣ ಮುಟ್ಟಿತು. ನಿಮ್ಮ ಅಜ್ಜನ ಶೇಂಗಾ ಎಣ್ಣೆ ಮಿಲ್ಲನ್ನು ದುರಸ್ತಿ ಮಾಡಿಸಿ ಹೋಟೆಲ್ ಮಾಡಿದ್ದೀರಿ. ಉದ್ಘಾಟನೆಯ ದಿನ, ಅಲ್ಲಿ ದುಡಿದ ನನ್ನ ಅವ್ವ ಲಗಮವ್ವನಿಗೆ ಉಡಿ ತುಂಬುವುದಾಗಿ ಬರೆದಿದ್ದೀರಿ.

ಮೊನ್ನೆ ಬಂದು ಗೋಡೆಯ ಮೇಲಿನ ಮಿಲ್ಲಿನ ಇತಿಹಾಸ ಓದಿದೆ. ಹೆಣ್ಣಾಳುಗಳನ್ನು ಮನೆಯ ಮಕ್ಕಳಂತೆ ನೋಡಿಕೊಂಡರು ಎಂದು ಬರೆಸಿದ್ದೀರಿ. ಹಿಂದಿನ ಸಣ್ಣ ಬಾಗಿಲನ್ನೂ ಉಳಿಸಿ ಪಾಲಿಶ್ ಮಾಡಿಸಿದ್ದೀರಿ. ಅದು ಯಾಕಿತ್ತೆಂದು ಮಾತ್ರ ಬರೆಸಿಲ್ಲ.

ಶೇಂಗಾ ಸುಲಿಯುವ ಹೆಂಗಸರು ಸಂಜೆ ಆ ಬಾಗಿಲಿಂದಲೇ ಹೊರಗೆ ಬರಬೇಕಿತ್ತು. ಕದ್ದಿಲ್ಲವೆಂದು ಒಬ್ಬೊಬ್ಬರೂ ಸೀರೆಯ ಉಡಿ ಬಿಚ್ಚಿ ಝಾಡಿಸಬೇಕಿತ್ತು. ಒಮ್ಮೆ ಅವ್ವನ ಉಡಿಯಿಂದ ಒಂದು ಹಿಡಿ ಕಾಳು ಉದುರಿದವು. "ಏನ ಬೇ ಲಗಮಿ, ನಿನಗ ಯಾರ ಉಡಿ ತುಂಬ್ಯಾರ?" ಎಂದು ನಿಮ್ಮ ಅಜ್ಜ ಎಲ್ಲರನ್ನೂ ನಗಿಸಿದರು. ಕಾಳು ನನಗಾಗಿ ತಂದದ್ದು. ನಾನು ಬಾಗಿಲ ಹೊರಗೇ ನಿಂತಿದ್ದೆ.

ಇದನ್ನೂ ಬರೆಸಿರಿ ಎಂದರೆ ನಿಮ್ಮ ಮ್ಯಾನೇಜರ್, "ಹಳೇದೆಲ್ಲಾ ಯಾಕ ತಗೀತೀರಿ ಅಕ್ಕಾರ? ಮಂದಿ ಊಟಕ್ಕ ಬರ್ತಾರ" ಎಂದರು.

ಅವ್ವನಿಗೆ ಎಲ್ಲ ಹೇಳಿದೆ. "ಬರ್ತೀನಂತ ಬರಿ" ಎಂದಳು. ಆದ್ದರಿಂದ ಬರುತ್ತೇವೆ. ಅಷ್ಟರೊಳಗೆ ಗೋಡೆಯ ಬರಹ ತಿದ್ದಿಸಿರಿ. ಇಲ್ಲದಿದ್ದರೆ ನೀವು ತುಂಬಿದ ಅಕ್ಕಿ, ಕೊಬ್ಬರಿ, ಖಣವನ್ನು ಅವ್ವ ಅದೇ ಹಿಂದಿನ ಬಾಗಿಲಲ್ಲಿ ಎಲ್ಲರೆದುರು ಝಾಡಿಸಿ ಮನೆಗೆ ಬರುತ್ತಾಳೆ. ಫೋಟೊದವರನ್ನು ಅಲ್ಲೇ ನಿಲ್ಲಿಸಿರಿ.

ಗಂಗಾ
ಲಗಮವ್ವನ ಮಗಳು