ತಿರುಚಿನಾಪಳ್ಳಿ ಮುದ್ರೆ

ದೊಡ್ಡಗಾಜನೂರು
12-3-1954, ಶುಕ್ರವಾರ

ಈರೋಡು ಸ್ಟೇಷನ್ ಎದುರಿನ ಲಾಡ್ಜಿನಲ್ಲಿ ಹಾಯಾಗಿ ಇಳಿದುಕೊಂಡಿರುವ ಯಜಮಾನರ ಪಾದಕ್ಕೆ ಮಹಾಲಿಂಗಮ್ಮನ ನಮಸ್ಕಾರ. ನಮಸ್ಕಾರ ಮಾಡಲು ಮನಸ್ಸೇನೂ ಇಲ್ಲ, ಕಾಗದ ಹಾಗೆ ಶುರುವಾಗಬೇಕಲ್ಲ, ಅದಕ್ಕೆ ಬರೆದಿದ್ದೇನೆ.

ನಿಮ್ಮ ಕಾರ್ಡು ತಲುಪಿತು. ಟ್ರಂಕಿನೊಳಗಿನ ಗಡಿಯಾರಗಳಿಗೆ ತೇವ ತಾಗದಂತೆ ನೋಡಿಕೋ ಅಂತ ಎರಡು ಸಲ ಬರೆದಿದ್ದೀರಿ. ಮಗಳು ಚನ್ನಬಸಮ್ಮ ಹೇಗಿದ್ದಾಳೆ ಅಂತ ಒಂದು ಸಲವೂ ಇಲ್ಲ. ಬಹಳ ಸಂತೋಷ! ಗಡಿಯಾರಗಳೆಲ್ಲ ಕ್ಷೇಮ. ಹಂದಿ ನುಗ್ಗಿ ಹಿತ್ತಲ ಗೆಣಸು ಅಗೆದು ಹೋಯಿತು, ಕರಿ ಹಸು ಕರು ಹಾಕಿತು. ಅದನ್ನೆಲ್ಲ ಬರೆದರೆ ನಿಮಗೆ ಬೇಜಾರಾದೀತು.

ಮದುವೆಯಾದಾಗಿನಿಂದ ನೋಡುತ್ತಲೇ ಇದ್ದೇನೆ. ಯಾರೋ ರೈಲ್ವೆ ಗಾರ್ಡು ಪಿಂಚಣಿ ತಗೊಂಡನಂತೆ ಅಂತ ಕಿವಿಗೆ ಬಿದ್ದರೆ ಸಾಕು, ಬಿತ್ತನೆ ಇರಲಿ ಕುಯಿಲು ಇರಲಿ, ಟವೆಲ್ ಹೆಗಲಿಗೆ ಹಾಕಿಕೊಂಡು ಅವನ ಗಡಿಯಾರ ಕೊಳ್ಳಲು ಘಟ್ಟ ಇಳಿದುಬಿಡುತ್ತೀರಿ. ನಮ್ಮ ಬೆಟ್ಟದ ಸೀಮೆಗೆ ರೈಲೇ ಇಲ್ಲ. ಇಲ್ಲದ ರೈಲಿಗೆ ನಮ್ಮ ಮನೆಯಲ್ಲಿ ಹನ್ನೊಂದು ಜೇಬು ಗಡಿಯಾರ! ಬಂದವರಿಗೆಲ್ಲ ಮುಚ್ಚಳ ತೆಗೆದು, ಇದು ಮದರಾಸಿನ ಅಂಗಡಿಯ ಮುದ್ರೆ, ಇದು ಬೆಂಗಳೂರು ದಂಡಿನದು, ಇದು ತಿರುಚಿನಾಪಳ್ಳಿ ಅಕ್ಕಸಾಲಿಯದು ಅಂತ ತೋರಿಸುವುದು. ಕುಡಿತವಲ್ಲ, ಇಸ್ಪೀಟಲ್ಲ, ಹೋಗಲಿ ಅಂತ ಅದನ್ನೂ ಸಹಿಸಿಕೊಂಡೆ.

ಆದರೆ ವೀಳ್ಯದ ದಿನ ಮಾಡಿದ್ದನ್ನು ಹೇಗೆ ಸಹಿಸಲಿ? ಹಾಸನೂರಿನವರು ಅಷ್ಟು ದೂರದಿಂದ ಗಾಡಿ ಕಟ್ಟಿಕೊಂಡು ಬಂದಿದ್ದರು. ಹುಡುಗ ಮಾದೇವ ಒಳ್ಳೆಯವನು, ಚನ್ನಬಸಮ್ಮನಿಗೂ ಮನಸ್ಸಿತ್ತು. ಹುಡುಗನ ತಾತ ಜಡೇಸ್ವಾಮಿಯವರು ಹಿಂದೆ ರೈಲಿನಲ್ಲಿ ಗಾರ್ಡಾಗಿದ್ದವರು. ಎಲೆ ಅಡಿಕೆ ತಟ್ಟೆಯ ಮೇಲೆ ತಮ್ಮ ಜೇಬಿನ ಗಡಿಯಾರ ಇಟ್ಟು, "ಇದು ನನ್ ಮಾತು ಕಣಪ್ಪ, ಇಡ್ಕೊ" ಅಂದರು. ಮಾತು ಕೊಡುವಾಗ ಮೈಮೇಲಿನ ಒಂದು ವಸ್ತುವನ್ನು ತಟ್ಟೆಯಲ್ಲಿಡುವುದು ಅವರ ಮನೆಯ ಪದ್ಧತಿ. ಎರಡು ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ತಿರುಗಿ ಅವರ ಕೈಗೇ ಕೊಡಬೇಕು. ಅಷ್ಟೇ ಕೆಲಸ.

ನೀವೇನು ಮಾಡಿದಿರಿ? ಉಗುರು ಹಾಕಿ ಮುಚ್ಚಳ ಎಬ್ಬಿಸಿದಿರಿ! ನೆಂಟರೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿರುವಾಗ ಕನ್ನಡಕ ಏರಿಸಿಕೊಂಡು ಒಳಗೆ ಇಣುಕಿದಿರಿ. ಆಮೇಲೆ ಮುಖ ಅರಳಿಸಿಕೊಂಡು, "ಮುಚ್ಚಳ ತಿರುಚಿನಾಪಳ್ಳೀದು, ಅಸಲಿ. ಮುಚ್ಚಳದ್ ನಂಬರೇ ಒಂದು, ಒಳ್ಗಿರೋ ಮಿಷಿನ್ ನಂಬರು ಬ್ಯಾರೆ ಅದ. ಯಾರೋ ಬದ್ಲಾಯಿಸವ್ರ, ಇದು ಕಲಬೆರಕೆ ಮಾಲು" ಅಂದಿರಿ. ಕಲಬೆರಕೆ! ಬೀಗರು ಕೊಟ್ಟ ಮಾತಿಗೆ! ಹುಡುಗನ ಅಪ್ಪ ಬೊಮ್ಮಯ್ಯ ಎದ್ದು ನಿಂತು, "ನಮ್ ಮಾತ್ನ ಬಿಚ್ಚಿ ನೋಡೋ ಮನೇಲಿ ನೆಂಟಸ್ತಾನ ಬ್ಯಾಡ, ಏಳ್ರಪ್ಪ" ಅಂದ. ಬೇಯಿಸಿದ ಒಬ್ಬಟ್ಟು ಬುಟ್ಟಿಯಲ್ಲೇ ಉಳಿಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅಂತ ನಿಮ್ಮ ಅವ್ವ ಕಲಿಸಲಿಲ್ಲವೇ?

ಮಾರನೆಯ ದಿನ ಹೋಗಿ ಅವರಿಗೆ ಕೈ ಮುಗಿಯುತ್ತೀರಿ ಅಂದುಕೊಂಡಿದ್ದೆ. ಬಸ್ಸು ಹಾಸನೂರಿನ ಮೇಲೇ ಹೋಗುತ್ತದೆ, ಆದರೂ ಇಳಿಯಲಿಲ್ಲ ನೀವು! ನೆಟ್ಟಗೆ ಈರೋಡಿಗೆ ಹೋದಿರಿ, ನೀವು ಆಡಿದ್ದೇ ಸರಿ ಅಂತ ಗಡಿಯಾರ ರಿಪೇರಿಯವನಿಗೆ ಆ ನಂಬರು ಹೇಳಿ ಚೀಟಿ ಬರೆಸಿಕೊಂಡು ಬರಲು. ಗೆದ್ದು ಏನು ಮಾಡುತ್ತೀರಿ ಸ್ವಾಮಿ? ಆ ಚೀಟಿಗೆ ಮಗಳನ್ನು ಧಾರೆ ಎರೆಯುತ್ತೀರಾ?

ಅವಳಾದರೂ ನಿಮ್ಮ ಮೇಲೆ ಸಿಟ್ಟಾಗಬಾರದೇ? ರಾಗಿ ಬೀಸುತ್ತಾ ಕಣ್ಣು ಒರೆಸಿಕೊಳ್ಳುತ್ತಾಳೆ. ನಾನು ನಿಮ್ಮನ್ನು ಬೈದರೆ ಮಾತ್ರ, "ಅಪ್ಪ ಸುಳ್ಳ್ ಏಳ್ನಿಲ್ವಲ್ಲವ್ವ" ಅನ್ನುತ್ತಾಳೆ. ಕೇಳಿ ನನಗೆ ಹೊಟ್ಟೆ ಉರಿಯುತ್ತದೆ. ಅಪ್ಪನಿಗೆ ತಕ್ಕ ಮಗಳು.

ಮೊನ್ನೆ ಬುಧವಾರ ಜಡೇಸ್ವಾಮಿಯವರೇ ಬಂದರು, ಒಬ್ಬರೇ. ತಾಳವಾಡಿಯಲ್ಲಿ ಬಸ್ಸಿಳಿದು ಆ ಬಿಸಿಲಲ್ಲಿ ನಡೆದುಕೊಂಡು ಬಂದಿದ್ದರು. ಜಗಲಿಯ ಮೇಲೆ ಕೂತರು, ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಜಗಳಕ್ಕೇ ಬಂದಿದ್ದಾರೆ ಅಂತ ನಾನೂ ಸೆರಗು ಬಿಗಿದುಕೊಂಡೆ. ಅವರು ಕೇಳಿದ್ದು ಒಂದೇ ಮಾತು: "ಒಳ್ಗಿರೋದು ಬ್ಯಾರೆ ಅಂದ್ನಲ್ಲ ನಿನ್ ಗಂಡ, ಅದು ದಿಟವಾ ಕಣವ್ವ?" ದಿಟ ಅಂದೆ. ಇನ್ನೇನು ಹೇಳಲಿ? ಬೇರೆ ಎಲ್ಲದರಲ್ಲೂ ನೀವು ತಪ್ಪುತ್ತೀರಿ, ಗಡಿಯಾರದಲ್ಲಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಮುದುಕರು ಅತ್ತುಬಿಟ್ಟರು. ಗಾರ್ಡಾದಾಗ ಆಸೆಪಟ್ಟು ಕೊಂಡ ಗಡಿಯಾರವಂತೆ ಅದು. ಒಂದು ಸಲ ಯಾವುದೋ ಅಂಗಡಿಗೆ ರಿಪೇರಿಗೆ ಕೊಟ್ಟರಂತೆ, ವಾಪಸು ಬಂದ ಮೇಲೆ ನಿಧಾನ ಓಡತೊಡಗಿತಂತೆ. ಮಿಷಿನ್ ಬದಲಾದದ್ದು ಅಲ್ಲೇ ಇರಬೇಕು. ರೈಲು ತಡವಾಗಿ ಬಿಟ್ಟರು ಅಂತ ಗಾರ್ಡ್ ಕೆಲಸ ತೆಗೆದು, ಕೊನೆಯವರೆಗೂ ಗೂಡ್ಸ್ ಷೆಡ್ಡಿನ ಕಾವಲಿಗೆ ಹಾಕಿದರಂತೆ. ಕುಡಿದು ಕೀಲಿ ಕೊಡಲು ಮರೆತ ಅಂತ ಊರೆಲ್ಲ ಆಡಿಕೊಂಡಿತು, ಹೆಂಡತಿ ಮಕ್ಕಳೂ ನಂಬಿದರು. "ನನ್ಗೂ ಅಂಗೇ ಅನ್ನಿಸ್ಬುಟ್ಟಿತ್ತು ಕಣವ್ವ, ನಾನೇ ಮರ್ತಿದ್ನೇನೋ ಅಂತ. ತಪ್ಪು ಗಡಿಯಾರದ್ದು ಅಂತ ಏಳ್ದೋನು ನಿನ್ ಗಂಡ ಒಬ್ಬನೇಯ" ಅಂದರು. ನೀವು ಹಾಸನೂರಿಗೆ ಬಂದು ಬೊಮ್ಮಯ್ಯನ ಎದುರು ಅದನ್ನೇ ಇನ್ನೊಂದು ಸಲ ಬಿಡಿಸಿ ಹೇಳಬೇಕಂತೆ. ಹೇಳಿದರೆ ವೀಳ್ಯದ ತಟ್ಟೆಯನ್ನು ಅವನ ಕೈಯಲ್ಲೇ ಹೊರಿಸಿಕೊಂಡು ಬರುತ್ತಾರಂತೆ.

ನೋಡಿದಿರಾ ನನ್ನ ಹಣೆಬರಹ! ಯಾವ ಮಾತಿಗೆ ನಿಮ್ಮ ನಾಲಿಗೆ ಸುಡಬೇಕು ಅಂದುಕೊಂಡಿದ್ದೆನೋ, ಅದನ್ನೇ ಇನ್ನೊಮ್ಮೆ ಆಡಿ ಅಂತ ನಾನೇ ಕೇಳಬೇಕಾಗಿದೆ. ಕಾಗದ ಕಂಡ ಕೂಡಲೇ ಹೊರಟು ಬನ್ನಿ. ಹಾಸನೂರಿನಲ್ಲಿ ಇಳಿಯಿರಿ. ಕಲಬೆರಕೆ ಅನ್ನಬೇಡಿ, ಮಾಲು ಅನ್ನಬೇಡಿ. ಆ ಹಿರಿಯರ ತಪ್ಪಿಲ್ಲ ಅನ್ನುವುದನ್ನು ಮೊದಲು ಹೇಳಿ, ನಂಬರು ಮುದ್ರೆ ಎಲ್ಲ ಆಮೇಲೆ. ಮಗಳ ಬಾಳು ನಿಮ್ಮ ಬಾಯಲ್ಲಿದೆ.

ಇಂತಿ,
ಬೈದು ಬೈದು ಸುಸ್ತಾಗಿರುವ ನಿಮ್ಮ
ಮಹಾಲಿಂಗಮ್ಮ

ಬರೆಯಲೋ ಬೇಡವೋ ಅಂತ ಬಿಟ್ಟಿದ್ದ ಮಾತು: ನೀವು ಈರೋಡಿಗೆ ಯಾಕೆ ಹೋಗಿದ್ದೀರಿ ಅಂತ ಮುದುಕರು ಕೇಳಿದರು. ಚೀಟಿ ಬರೆಸಲು ಅನ್ನುವುದಕ್ಕೆ ನನಗೆ ಬಾಯಿ ಬರಲಿಲ್ಲ. ನಿಮ್ಮ ಗಡಿಯಾರದ ಅಸಲಿ ಮಿಷಿನ್ ಹುಡುಕಲು ಹೋಗಿದ್ದಾರೆ, ಸಿಗುವ ತನಕ ಬರುವುದಿಲ್ಲ ಅಂದುಬಿಟ್ಟೆ. ಆಮೇಲೆ ಅವರು ಒಳಗೆ ಬಂದು ಎರಡು ಮುದ್ದೆ ಉಂಡು, ಗಡಿಯಾರವನ್ನು ಚನ್ನಬಸಮ್ಮನ ಕೈಗೆ ಕೊಟ್ಟು ಹೋದರು. ಆದ್ದರಿಂದ ಹೊರಟು ಬನ್ನಿ ಅಂತ ಮೇಲೆ ಬರೆದದ್ದನ್ನು ಹೊಡೆದುಹಾಕಿ. ಮುಚ್ಚಳದ ನಂಬರು ನಿಮಗೆ ಬಾಯಿಪಾಠ ಇದ್ದೇ ಇರುತ್ತದೆ. ಈರೋಡಿನಲ್ಲಿ ಸಿಗದಿದ್ದರೆ ಪೋದನೂರು ಜಂಕ್ಷನ್ನಿಗೆ ಹೋಗಿ, ಅಲ್ಲೂ ಇಲ್ಲದಿದ್ದರೆ ತಿರುಚಿನಾಪಳ್ಳಿಗೆ ಹೋಗಿ. ಬರಿಗೈಯಲ್ಲಿ ಬಂದರೆ ನಾನು ಬಾಗಿಲು ತೆಗೆಯುವುದಿಲ್ಲ.