ನೆಲ ಒರೆಸುತ್ತಿದ್ದ ಚಾಂಪಿಯನ್

ಜೂನ್ 11, ಮಂಗಳವಾರ. ಒಸಾಕಾ.

ನನ್ನ ಶಿಷ್ಯ ಇಗರಾಶಿ ಬಾಕ್ಸಿಂಗ್‌ನಲ್ಲಿ ವಿಶ್ವ ಚಾಂಪಿಯನ್ ಆಗಿ ಮೂರು ವರ್ಷವಾಯಿತು. ಹೊರದೇಶದ ಪತ್ರಿಕೆಗಳಲ್ಲಿ ಅವನ ಫೋಟೋ ಒಮ್ಮೆಯೂ ಬಂದಿಲ್ಲ. ಇವತ್ತು ಬೆಳಿಗ್ಗೆ ಕೊನೆಗೂ ಅಮೆರಿಕದ ವರದಿಗಾರನೊಬ್ಬ ನಮ್ಮ ಜಿಮ್ಮಿಗೆ ಬಂದ. ನೆಲ ಒರೆಸುತ್ತಿದ್ದವನನ್ನು ಹರಕುಮುರುಕು ಜಪಾನಿಯಲ್ಲಿ, "ಚಾಂಪಿಯನ್ ಎಲ್ಲಿ?" ಎಂದು ಕೇಳಿದ.

"ಬರ್ತಾನೆ, ಕೂತ್ಕೊಳ್ಳಿ. ಶೂ ಮಾತ್ರ ಬಿಚ್ಚಿಡಿ, ನೆಲ ಒದ್ದೆ ಇದೆ," ಎಂದ ಇಗರಾಶಿ.

ಅಭ್ಯಾಸಕ್ಕೆ ಮುಂಚೆ ಇಲ್ಲಿ ಎಲ್ಲರೂ ನೆಲ ಒರೆಸಲೇಬೇಕು. ಆ ಬಡಪಾಯಿಗೆ ಅದು ಹೇಗೆ ಗೊತ್ತಾಗಬೇಕು? ನಾನು ಒಳಗಿನಿಂದ ಓಡಿಬಂದು ಗದರಿದೆ. "ನೀನೇ ಅಂತ ಹೇಳೋಕೇನಾಗಿತ್ತೋ?"

"ಹೇಳಿದ್ರೆ ಫೋಟೋಗೆ ನಿಲ್ಲಿಸ್ಕೊಳ್ತಿದ್ರು ಗುರುಗಳೇ. ಅರ್ಧಕ್ಕೇ ಬಿಟ್ಟೆ ಅಂತ ನೀವೇ ಬೈತಿದ್ರಿ."

ನಿಜ, ಬೈಯುತ್ತಿದ್ದೆ. ಅವನು ಬೆಲ್ಟ್ ಗೆದ್ದ ದಿನವೂ ನನಗೆ ಇಷ್ಟು ಹೆಮ್ಮೆಯಾಗಿರಲಿಲ್ಲ. ಇನ್ನು ಆ ವರದಿಗಾರ ಏನು ಬರೆದರೂ, ಬರೆಯದೇ ಹೋದರೂ ನನಗೆ ಚಿಂತೆಯಿಲ್ಲ.